ನಾನು ಸೇರಿಸಿದ ಪಥ್ಯ

ಅಕ್ಕ, ದಾವಣಗೆರೆಯ ಡಾಕ್ಟರು ಹೇಳಿದ ಒಂದು ಮಾತನ್ನು ನಾನು ನಿನಗೆ ಹೇಳಲಿಲ್ಲ. ನೀನು ಹೋಗಿ ಆರು ವರ್ಷವಾಯಿತು — ಯಾರಿಗೂ ಹೇಳಿಲ್ಲ.

ನ್ಯಾಮತಿಯಿಂದ ನೀನು ಚನ್ನಗಿರಿಯ ನನ್ನ ಮನೆಗೆ ಬಂದಿದ್ದ ಆ ಕೊನೆಯ ಮಾಮೂಲಿ ದಿನ ನೆನಪಿದೆ. ಹಿಂದಿನ ವಾರವಷ್ಟೇ ನಿನ್ನನ್ನು ದಾವಣಗೆರೆಗೆ ಕರೆದೊಯ್ದಿದ್ದೆ; ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ನಾನು ಸೊಂಟನೋವಿಗೆ ಬಿಸಿ ಹಾಸಿಗೆಯ ಮೇಲೆ ಮಲಗಲು ಹೋಗುತ್ತಿದ್ದ ಕೇಂದ್ರದಲ್ಲಿ ಕೊರಿಯಾ ದೇಶದ ಬೇರಿನ ಪುಡಿ ಸಿಗುತ್ತಿತ್ತು. ಹೊಟ್ಟೆಯ ಒಳಪದರವನ್ನು ಹುಣ್ಣಿನಿಂದ ಕಾಯುತ್ತದೆ ಎನ್ನುತ್ತಿದ್ದರು. ನಿನಗೆಂದೇ ತಂದಿಟ್ಟಿದ್ದೆ. ನೀನು ಮೂಸಿ ನಕ್ಕೆ.

"ಇದು ನಮ್ಮ ಜ್ಯೇಷ್ಠಮಧುನೇ ಕಣೇ. ವಿಮಾನ ಹತ್ತಿ ಬಂದೈತೆ, ಅಷ್ಟೇ. ಪಥ್ಯ ಏನು?"

ಪಥ್ಯ ಏನೂ ಇರಲಿಲ್ಲ. ಬಿಸಿನೀರಲ್ಲಿ ಕುಡಿಯಿರಿ, ಡಾಕ್ಟರ ಮಾತ್ರೆ ಬಿಡಬೇಡಿ — ಕೊಟ್ಟವರು ಹೇಳಿದ್ದು ಇಷ್ಟೇ. ಆದರೆ ಪಥ್ಯವಿಲ್ಲದ ಔಷಧಿಯನ್ನು ನಮ್ಮ ಮನೆಯಲ್ಲಿ ಯಾರು ನಂಬುತ್ತಾರೆ? ನೀನು ಪೊಟ್ಟಣವನ್ನು ಬದಿಗಿಟ್ಟದ್ದು ಕಂಡು ಬಾಯಿಗೆ ಬಂದದ್ದು ಹೇಳಿದೆ. ಹುಳಿ ಮುಟ್ಟಬಾರದು, ಇಂಗ್ಲಿಷ್ ಮಾತ್ರೆ ಮುಟ್ಟಬಾರದು, ನಲವತ್ತೆಂಟು ದಿನ. ನೀನು ತಲೆಯಾಡಿಸಿದೆ. ಹುಟ್ಟಿದಾಗಿನಿಂದ ನೀನು ಹೇಳುವುದು, ನಾನು ಕೇಳುವುದು. ಅಂದು ಮೊದಲ ಸಲ —

ಮೂರನೇ ವಾರ ನಿನ್ನ ಫೋನ್ ಬಂತು. "ಎರಡು ದಿನದಿಂದ ಕಪ್ಪಗೆ ಹೋಗ್ತಾ ಐತೆ ಕಣೇ, ಡಾಂಬರ್ ಇದ್ದಂಗೆ. ಆಸ್ಪತ್ರೆಗೆ ತೋರ್ಸಾಕೆ ಬರ್ಲಾ?"

ಮಾತ್ರೆ ಬರೆದುಕೊಟ್ಟ ದಿನ ನೀನು ಬಾಗಿಲಾಚೆ ಚಪ್ಪಲಿ ಹುಡುಕುತ್ತಿದ್ದಾಗ ಡಾಕ್ಟರು ನನ್ನೊಬ್ಬಳಿಗೆ ಹೇಳಿದ್ದು ಇದನ್ನೇ: ಮಲ ಕಪ್ಪಗೆ ಹೋದರೆ ಒಳಗೆ ರಕ್ತ ಹರಿಯುತ್ತಿದೆ ಎಂದು ಅರ್ಥ, ತಕ್ಷಣ ಕರೆತನ್ನಿ. ಮರೆತಿದ್ದೆ ಎಂದು ಬರೆಯಬಹುದಿತ್ತು. ಇಲ್ಲ, ನೆನಪಿತ್ತು. ಬಂದರೆ ಅವರು ಮಾತ್ರೆ ಯಾಕೆ ಬಿಟ್ಟಿರಿ ಎನ್ನುತ್ತಾರೆ, ನೀನು ನನ್ನ ಮುಖ ನೋಡುತ್ತೀಯ...

"ಹಳೇ ಕೊಳೆ ಹೊರಗೆ ಬರ್ತಾ ಐತೆ ಬಿಡು," ಎಂದೆ. "ಔಷಧಿ ಹಿಡಿದೈತೆ."

ಮರುದಿನ ಬೆಳಿಗ್ಗೆ ನೀನು ಬಚ್ಚಲಲ್ಲಿ ಬಿದ್ದೆ. ದಾವಣಗೆರೆಗೆ ಒಯ್ಯುವಾಗ, ಹೊನ್ನಾಳಿ ದಾಟುವಷ್ಟರಲ್ಲಿ ಉಸಿರು ನಿಂತಿತ್ತು.

ಪುಡಿಯನ್ನು ದೂರಲಾರೆ. ಆ ಬೇರು ನಿನಗೇನೂ ಮಾಡಲಿಲ್ಲ — ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಮಾಡಿದ್ದು ನನ್ನ ಮಾತು.

ಪ್ರತಿ ವರ್ಷ ನಿನ್ನ ತಿಥಿಯ ಊಟವಾದ ಮೇಲೆ ಭಾವ ಎಲೆ ಅಡಿಕೆ ಮುಂದಿಟ್ಟುಕೊಂಡು ಕೇಳುತ್ತಾರೆ: "ಮುಂಚೆ ನಿನ್ ಹತ್ರ ಏನಾರ ಹೇಳಿದ್ಲೇನಮ್ಮ?" ಇಲ್ಲ ಭಾವ, ಎನ್ನುತ್ತೇನೆ.

ನಾಳೆ ನ್ಯಾಮತಿಗೆ ಹೋಗಿ ಇದನ್ನು ಅವರ ಮುಂದೆ ಓದುತ್ತೇನೆ. ಆರು ಸಲ ಕೇಳಿದ್ದಾರೆ. ಅವರಿಗೆ ಉತ್ತರ ಇನ್ನೂ ಸಿಕ್ಕಿಲ್ಲ.