ಮಲಗದ ಚಿಪ್

ಚಿಪ್ ತಯಾರಾಗಿ ಬಂದ ದಿನ ಬೆಳಿಗ್ಗೆ ನನಗೆ ಅರ್ಧ ಇಡ್ಲಿಯೂ ಗಂಟಲಲ್ಲಿ ಇಳಿಯಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಪುಟ್ಟ ಕಂಪನಿಯಲ್ಲಿ ಹತ್ತು ಜನ ಎರಡು ವರ್ಷ ಕೂತು ಅದನ್ನು ವಿನ್ಯಾಸ ಮಾಡಿದ್ದೆವು. ಮನೆಗಳ ನೀರಿನ ಮೀಟರಿನೊಳಗೆ ಕೂರುವ ಚಿಪ್ ಅದು. ಗಂಟೆಗೊಮ್ಮೆ ಎದ್ದು, ಎಷ್ಟು ನೀರು ಹರಿಯಿತೆಂದು ವೈರ್‌ಲೆಸ್‌ನಲ್ಲಿ ತಿಳಿಸಿ, ಮತ್ತೆ ಮಲಗಬೇಕು. ಒಂದೇ ಬ್ಯಾಟರಿಯಲ್ಲಿ ಹತ್ತು ವರ್ಷ ಬಾಳಬೇಕಾದ್ದರಿಂದ ಮಲಗಿರುವಾಗ ಒಂದು ಮೈಕ್ರೋಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಎಳೆಯುವಂತಿಲ್ಲ. ಅದನ್ನು ಮಲಗಿಸುವ ಸರ್ಕ್ಯೂಟ್ ನನ್ನದು.

ಲ್ಯಾಬ್‌ನಲ್ಲಿ ಚಿಪ್ಪನ್ನು ಬೋರ್ಡಿಗೆ ಬೆಸುಗೆ ಹಾಕುವವರು ನಮ್ಮ ಟೆಕ್ನಿಷಿಯನ್. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅದೇ ಕೆಲಸ ಮಾಡಿ ನಿವೃತ್ತರಾಗಿ, ಈಗ ವರ್ಷವರ್ಷದ ಕಾಂಟ್ರಾಕ್ಟಿನ ಮೇಲೆ ನಮ್ಮಲ್ಲಿದ್ದರು. ಲಗ್ಗೆರೆಯಿಂದ ಎರಡು ಬಸ್ ಬದಲಿಸಿ ಬಂದರೂ ನನಗಿಂತ ಮುಂಚೆ ಬಂದಿರುತ್ತಿದ್ದರು. ಅವರು ಬೋರ್ಡಿಗೆ ಬ್ಯಾಟರಿ ಕೊಟ್ಟು, ಚಿಪ್ ಮಲಗುವವರೆಗೆ ಕಾದು, ಕರೆಂಟ್ ಅಳೆಯುವ ಮೀಟರ್ ನೋಡಿದರು.

"ಹನ್ನೊಂದು ತೋರಿಸ್ತಿದೆ ಮೇಡಂ."

ಹನ್ನೊಂದೆಂದರೆ ಬ್ಯಾಟರಿ ಒಂದು ವರ್ಷ ಬಾಳಿದರೆ ಹೆಚ್ಚು.

ಮ್ಯಾನೇಜರ್ ಬಂದವರು ಮೀಟರನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದರು. "ಚಿಪ್ ಸೋರ್ತಿಲ್ಲ, ಬೋರ್ಡ್ ಸೋರ್ತಿದೆ. ಬೆಸುಗೆಗೆ ಹಚ್ಚಿದ ಫ್ಲಕ್ಸ್ ಸರಿಯಾಗಿ ತೊಳೆದಿಲ್ಲ ಸಾರ್ ನೀವು." ಅಂಟಿನಂಥ ಆ ಫ್ಲಕ್ಸ್ ಉಳಿದರೆ ಕರೆಂಟ್ ಸೋರುವುದು ನಿಜ. ಟೆಕ್ನಿಷಿಯನ್ ಬೋರ್ಡ್ ತೊಳೆದು, ಒಣಗಿಸಿ, ಮತ್ತೆ ಅಳೆದರು. ಈ ಸಲ ಏಳು ಬಂತು. ಇನ್ನೊಮ್ಮೆ ತೊಳೆದರೆ ಹನ್ನೆರಡು. ನನಗೋ, ಮ್ಯಾನೇಜರ್ ಮಾತು ಕೇಳಿ ಹೋದ ಜೀವ ಬಂದಂತಾಗಿತ್ತು. ಬೋರ್ಡಿನದೇ ತಪ್ಪಿರಲಿ ದೇವರೇ ಎಂದು ಲಿಫ್ಟಿನಲ್ಲಿ ಕಣ್ಣು ಮುಚ್ಚಿ ಬೇಡಿಕೊಂಡೆ, ನಾಚಿಕೆಯಿಲ್ಲದೆ.

ಆದರೆ ಆ ಏಳು, ಹನ್ನೆರಡು ತಲೆಯೊಳಗೆ ಕೊರೆಯುತ್ತಿದ್ದವು. ಕೊಳೆಯಿಂದ ಸೋರುವ ಕರೆಂಟ್ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಹೀಗೆ ಕುಣಿಯುವುದಿಲ್ಲ. ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹಳೆಯ ವಾರ್ನಿಂಗ್ ಪಟ್ಟಿ ತೆರೆದೆ.

ವಿನ್ಯಾಸವನ್ನು ಫ್ಯಾಕ್ಟರಿಗೆ ಕಳಿಸುವ ಮುನ್ನ ಸಾಫ್ಟ್‌ವೇರ್ ಅದನ್ನು ಜಾಲಾಡಿ, ಅನುಮಾನ ಬಂದ ಕಡೆಯೆಲ್ಲ ಒಂದೊಂದು ವಾರ್ನಿಂಗ್ ಕೊಡುತ್ತದೆ. ನಾವು ಒಂದೋ ಸರಿಪಡಿಸಬೇಕು, ಇಲ್ಲವೇ ಏಕೆ ಪರವಾಗಿಲ್ಲ ಎಂದು ಎದುರಿಗೆ ಕಾರಣ ಬರೆದು ದಾಟಿಸಬೇಕು. ಕೊನೆಯ ವಾರ ನನ್ನ ಪಾಲಿಗೆ ನೂರಾರು ಉಳಿದಿದ್ದವು. ಹಿಂದಿನ ಚಿಪ್ಪಿಗೆ ನಾನೇ ಬರೆದ ಕಾರಣಗಳನ್ನು ಎತ್ತಿ ಇಲ್ಲಿ ಅಂಟಿಸಿದ್ದೆ. ಎಲ್ಲರೂ ಮಾಡುವುದೇ. ಒಂದು ಸಾಲಿನಲ್ಲಿ, "ಈ ಭಾಗ ಎಂದೂ ಮಲಗುವುದಿಲ್ಲ, ತೊಂದರೆಯಿಲ್ಲ" ಎಂದಿತ್ತು. ಹಿಂದಿನ ಚಿಪ್ಪಿನಲ್ಲಿ ಅದು ನಿಜ. ಈ ಚಿಪ್ಪಿನಲ್ಲಿ ಕರೆಂಟ್ ಇನ್ನಷ್ಟು ಉಳಿಸೋಣವೆಂದು ಆ ಭಾಗವನ್ನೂ ಮಲಗಿಸಿದವಳು ನಾನೇ, ಅದಕ್ಕೆ ಭೇಷ್ ಅನ್ನಿಸಿಕೊಂಡವಳೂ ನಾನೇ. ಮಲಗಿದ ಭಾಗದಿಂದ ಎಚ್ಚರವಿರುವ ಭಾಗಕ್ಕೆ ಹೋಗುವ ತಂತಿಗೆ ಒಂದು ತಡೆ ಇರಬೇಕು. ವಾರ್ನಿಂಗ್ ಹೇಳಿದ್ದು ಆ ತಡೆ ಇಲ್ಲವೆಂದೇ. ಅದಿಲ್ಲದೆ ತಂತಿ ಸೊನ್ನೆಯೂ ಅಲ್ಲದ, ಒಂದೂ ಅಲ್ಲದ ಸ್ಥಿತಿಯಲ್ಲಿ ತೇಲುತ್ತ ಕರೆಂಟ್ ಸೋರಿಸುತ್ತಿತ್ತು.

ಚಿಪ್ಪನ್ನು ಇನ್ನೊಮ್ಮೆ ಮಾಡಿಸಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ದಿನ ನಮ್ಮ ಕಂಪನಿ ಇರುತ್ತದೋ ಇಲ್ಲವೋ. ಪಟ್ಟಿ ಮುಚ್ಚಿದೆ. ಸಂಜೆ ಲ್ಯಾಬಿನ ಮುಂದೆ ಹಾದುಹೋಗುವಾಗ ಟೆಕ್ನಿಷಿಯನ್ ಮತ್ತೊಂದು ಬೋರ್ಡನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದರು. ನಾನು ತುಟಿಪಿಟಕ್ಕೆನ್ನದೆ ಮನೆಗೆ ಹೋದೆ.

ಮೂರನೆಯ ದಿನ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು. "ಪೀಣ್ಯದಲ್ಲಿ ಬೆಸುಗೆ ಹಾಕೋರು ಒಬ್ರಿದಾರೆ, ಬೋರ್ಡ್ ಅಲ್ಲಿಗೆ ಕಳಿಸೋಣ. ಇವರಿಗೆ ವಯಸ್ಸಾಯ್ತು ಕಣಮ್ಮ, ಕೈ ನಿಲ್ತಿಲ್ಲ ಅನ್ಸತ್ತೆ. ಮುಂದಿನ ತಿಂಗಳು ಕಾಂಟ್ರಾಕ್ಟ್ ಮುಗಿಯತ್ತೆ, ಬಿಟ್ಬಿಡೋಣ."

ಎದ್ದು ಲ್ಯಾಬಿಗೆ ಹೋದೆ. ಆ ಭಾಗವೊಂದನ್ನು ಮಾತ್ರ ಮಲಗಿಸದೆ ಎಚ್ಚರವಾಗಿಡುವಂತೆ ಚಿಪ್ಪಿಗೆ ಆದೇಶ ಕೊಟ್ಟು, "ಈಗ ಅಳೀರಿ ಸಾರ್" ಎಂದೆ. ಹನ್ನೊಂದಿದ್ದದ್ದು ಎರಡಕ್ಕೆ ಇಳಿಯಿತು. ಆ ಎರಡು, ಆ ಭಾಗ ಎಚ್ಚರವಿರುವುದರ ಖರ್ಚು; ಸೋರಿಕೆ ನಿಂತಿತ್ತು. ಇನ್ನು ಅನುಮಾನವಿರಲಿಲ್ಲ. ಅವರಿಗೆ ಏನನ್ನೂ ವಿವರಿಸದೆ ನೇರವಾಗಿ ಮ್ಯಾನೇಜರ್ ಕೋಣೆಗೆ ಹೋಗಿ, ವಾರ್ನಿಂಗ್ ಪಟ್ಟಿಯ ಆ ಸಾಲು ತೋರಿಸಿದೆ. ಬೋರ್ಡ್ ಸರಿಯಿದೆ, ತಪ್ಪು ನನ್ನದು ಎಂದೆ. ಅವರು ಆ ಸಾಲನ್ನು ಓದಿದರು. "ಇಡೀ ಟೀಮ್ ಕರಿ. ಬೇಗ," ಎಂದಷ್ಟೇ ಹೇಳಿದರು.

ಟೀಮ್ ಕರೆಯುವ ಮೊದಲು ಲ್ಯಾಬಿಗೆ ಓಡಿದೆ. "ಸಾರ್, ಬೋರ್ಡಿಗೆ ಏನೂ ಆಗಿಲ್ಲ. ಚಿಪ್ಪಲ್ಲೇ ತಪ್ಪಿದೆ. ನಾನು ಮಾಡಿದ್ದು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಲಗೈಯನ್ನು ಬೆಳಕಿಗೆ ಹಿಡಿದು ಬೆರಳುಗಳನ್ನು ಚಾಚಿ ನೋಡಿಕೊಂಡರು.

"ನಿನ್ನೆ ಸಂಜೆ ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ದೆ ಮೇಡಂ. ಕಣ್ಣು ಸರಿಯಾಗಿದೆ ಅಂದ್ರು. ಹಾಗಾದ್ರೆ ಕೈಯೇ ಹೋಯ್ತು ಅಂದ್ಕೊಂಡೆ. ಮನೇಲೂ ಹೇಳ್ಬಿಟ್ಟೆ, ಇನ್ಮೇಲೆ ನನ್ ಕೈಲಿ ಈ ಕೆಲ್ಸ ಆಗಲ್ಲ ಅಂತ."

ಇಷ್ಟಕ್ಕೇ ಬಿಟ್ಟು ಹೊರಡಬಹುದಿತ್ತು. ಆದರೂ ಹೇಳಿದೆ.

"ನಿನ್ನೆ ಮಧ್ಯಾಹ್ನಾನೇ ನಂಗೆ ಗೊತ್ತಾಗಿತ್ತು ಸಾರ್."