ಗುಡ್ಡೆಗೆ ಹೋಗಿ ಬರುತ್ತೇನೆ

ನನ್ನ ತಂದೆ "ಗುಡ್ಡೆಗೆ ಹೋಗಿ ಬರುತ್ತೇನೆ" ಎಂದು ಎದ್ದು ನಿಂತರೆ, ಮನೆಗೆ ಹೊಸದಾಗಿ ಬಂದ ನೆಂಟರು ಅವರ ಕೊಡೆಯನ್ನೂ ಚಪ್ಪಲಿಯನ್ನೂ ಹುಡುಕತೊಡಗುತ್ತಿದ್ದರು. ತಂದೆಯಾದರೋ ಚಾವಡಿಯಿಂದ ಐದು ಹೆಜ್ಜೆ ನಡೆದು, ಮೊಸಾಯಿಕ್ ನೆಲದ ಹೊಸ ಪಾಯಿಖಾನೆಯನ್ನು ಹೊಕ್ಕು ಚಿಲಕ ಹಾಕಿಕೊಳ್ಳುತ್ತಿದ್ದರು. ಅರುವತ್ತು ವರ್ಷ ಚೊಂಬು ಹಿಡಿದು ಗುಡ್ಡೆ ಹತ್ತಿದವರಿಗೆ ಆ ಕ್ರಿಯೆಗೆ ಬೇರೆ ಹೆಸರೇ ಗೊತ್ತಿರಲಿಲ್ಲ. ನಾನು ನಗುತ್ತಿದ್ದೆ, ನಾಗರಿಕತೆಯಲ್ಲಿ ಅವರಿಗಿಂತ ಒಂದು ತಲೆಮಾರು ಮುಂದಿದ್ದೇನೆಂದು ಬೀಗುತ್ತಲೂ ಇದ್ದೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಶಿರ್ವದ ನಮ್ಮ ಆಸುಪಾಸಿನಲ್ಲಿ ದುಬೈಗೆ ಹೋದವರ ತಾರಸಿ ಮನೆಗಳು ಸಾಲುಸಾಲಾಗಿ ಎದ್ದಿದ್ದವು. ಮಣಿಪಾಲದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನೂ ಅವುಗಳ ನಡುವೆ ಪುಟ್ಟ ಮನೆಯೊಂದನ್ನು ಕಟ್ಟಿಸಿ 'ನಿರ್ಮಲ' ಎಂದು ಹೆಸರಿಟ್ಟೆ. ನಿರ್ಮಲದೊಳಗೇ ಮಲ ಅಡಗಿ ಕುಳಿತಿದೆಯೆಂಬುದು, ಕಚೇರಿಯಲ್ಲಿ ಎಲ್ಲರ ವ್ಯಾಕರಣ ತಿದ್ದುತ್ತಿದ್ದ ನನಗೆ ಹೊಳೆಯಲೇ ಇಲ್ಲ. ಪಾಯಿಖಾನೆಗೆ ಸೆಪ್ಟಿಕ್ ಟ್ಯಾಂಕು ಕಟ್ಟಿಸುತ್ತೇನೆಂದಾಗ, ಸೆಪ್ಟಿಕ್ ಎಂದರೆ ಕಾಲಿನ ಗಾಯಕ್ಕೆ ಆಗುವಂಥದ್ದು ಎಂದಷ್ಟೇ ತಿಳಿದಿದ್ದ ಅಮ್ಮ, ಅದನ್ನು ನಾವಾಗಿ ಮನೆಗೆ ಯಾಕೆ ತರಿಸಿಕೊಳ್ಳಬೇಕು ಎಂದು ಕೇಳಿದರು. ಟ್ಯಾಂಕು ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲವೆಂದು ಮೇಸ್ತ್ರಿ ಎದೆ ತಟ್ಟಿ ಹೇಳಿದ. ಹೆಣ್ಣು ಕೊಡುವಾಗ ಏಳು ತಲೆಮಾರು ವಿಚಾರಿಸುವ ನಮ್ಮ ಜನ ಮೇಸ್ತ್ರಿಯನ್ನು ಮಾತ್ರ ನಿಂತಲ್ಲೇ ನಂಬುತ್ತಾರೆ. ನಾನಂತೂ ಟ್ಯಾಂಕಿನ ಮುಚ್ಚಳದ ಮೇಲೆಯೇ ನುಣುಪಾದ ಕೆಂಪು ಸಿಮೆಂಟಿನ ಕಟ್ಟೆಯೊಂದನ್ನು ಕಟ್ಟಿಸಿ, ಸಂಜೆ ಅದರ ಮೇಲೆ ಆಸೀನನಾಗಿ, ಪಂಚಾಯತಿನವರಿಗೆ ಚರಂಡಿಯ ಪ್ರಜ್ಞೆಯೇ ಇಲ್ಲವೆಂದು ದಾರಿಹೋಕರಿಗೆ ಉಪನ್ಯಾಸ ಕೊಡುತ್ತಿದ್ದೆ. ನನ್ನ ಪೀಠದ ಕೆಳಗೆ ಏನಿದೆಯೆಂಬುದನ್ನು ಮರೆತು ಮಾತಾಡುವ ಕಲೆ ನನಗೊಬ್ಬನಿಗೇ ಸಿದ್ಧಿಸಿದ್ದಲ್ಲ ಎಂಬುದಷ್ಟೇ ಸಮಾಧಾನ.

ಅಮ್ಮನ ಮಡಿಗೆ ಪಾಯಿಖಾನೆ ಸೂರಿನಡಿಯಲ್ಲಿರುವುದೇ ಅಪಚಾರ. ಅದರ ಪ್ರಾಯಶ್ಚಿತ್ತಕ್ಕೆಂದು ಅವರು ದಿನಕ್ಕೆರಡು ಬಾರಿ ಧಾರಾಳವಾಗಿ ಫಿನಾಯಿಲ್ ಸುರಿಯುತ್ತಿದ್ದರು. ನಮ್ಮ ಮನೆಯಷ್ಟು ಶುದ್ಧವಾದ ಮನೆ ಇಡೀ ಊರಿನಲ್ಲಿ ಇಲ್ಲವೆಂದು ನಾವೆಲ್ಲ ನಂಬಿದ್ದೆವು.

ಆರನೆಯ ವರ್ಷ, ತಂಗಿ ಸುಮತಿಯ ನಿಶ್ಚಿತಾರ್ಥಕ್ಕೆ ನಾಲ್ಕೇ ದಿನವಿದ್ದಾಗ ಟ್ಯಾಂಕು ತುಂಬಿ ಅಂಗಳದಲ್ಲಿ ಜಿನುಗತೊಡಗಿತು. ಎರಡು ಸಂಬಂಧಗಳು ತಪ್ಪಿದ ಮೇಲೆ ಕಾರ್ಕಳದಿಂದ ಕೂಡಿಬಂದ ಸಂಬಂಧ ಅದು. ಸುಮತಿ ಮಾತೇ ಬಿಟ್ಟಳು. ನಾನು ಬಸ್ಸು ಹಿಡಿದು ಕಾಪುವಿಗೆ ಹೋಗಿ, ಈ ಕೆಲಸಕ್ಕೆ ಸುತ್ತಲಿನ ಊರುಗಳಿಗೆಲ್ಲ ಒಬ್ಬನೇ ಎನ್ನಬಹುದಾಗಿದ್ದ ಐತನನ್ನು ಹುಡುಕಿ, ನೆರೆಕರೆಯವರು ಮಲಗಿದ ಮೇಲೆ ಬಂದು ಮುಗಿಸಿಕೊಡು ಎಂದು ಗುಟ್ಟಾಗಿ ಕೇಳಿಕೊಂಡೆ.

"ರಾತ್ರಿ ಬರುವುದಿಲ್ಲ ಅಯ್ಯಾ," ಎಂದ ಐತ. "ನನ್ನ ಭಾವ ಒಬ್ಬರ ಮನೆಗೆ ರಾತ್ರಿ ಹೋದ. ಒಳಗೆ ಬಿದ್ದದ್ದು ಯಾರಿಗೂ ಕಾಣಲಿಲ್ಲ. ಆ ಮನೆಯವರ ಮರ್ಯಾದೆ ಉಳಿಯಿತು, ಅವ ಉಳಿಯಲಿಲ್ಲ."

ಹಗಲಿನಲ್ಲಾದರೆ ಬರುತ್ತೇನೆ, ಒಳಗಿನ ವಿಷಗಾಳಿ ಹೋಗಲು ಮುಚ್ಚಳ ತೆಗೆದು ಒಂದು ದಿನ ಹಾಗೆಯೇ ಬಿಡಬೇಕು, ಆಗುವುದಾದರೆ ಹೇಳಿ ಎಂದ. ನಾನು ಒಪ್ಪಿದೆ. ಕರುಣೆಯಿಂದ ಒಪ್ಪಿದೆನೆಂದು ಬರೆದುಕೊಳ್ಳಲು ಆಸೆಯಿದೆ, ಆದರೆ ನನಗೆ ಬೇರೆ ಗತಿಯಿರಲಿಲ್ಲ.

ಮರುದಿನ ಅವನು ನನ್ನ ಉಪನ್ಯಾಸದ ಕಟ್ಟೆಯನ್ನು ಹಾರೆಯಿಂದ ಒಡೆದ. ಆರು ವರ್ಷ ಮುಚ್ಚಿಟ್ಟದ್ದು ಒಂದು ಗಳಿಗೆಯಲ್ಲಿ ಊರಿಗೆಲ್ಲ ಜಾಹೀರಾಯಿತು. ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ಅದರ ಮರುದಿನ ಬೆಳಿಗ್ಗೆ ಐತ ಉದ್ದನೆಯ ಬಿದಿರಿಗೆ ಕಟ್ಟಿದ ಬಕೇಟಿನಿಂದ ಮೇಲಿನಿಂದಲೇ ತೋಡಿ ತೋಡಿ ತೆಗೆದು, ತೋಟದ ಹೊಂಡಕ್ಕೆ ಸುರಿದು ಮಣ್ಣು ಮುಚ್ಚಿದ. ತಳಕ್ಕೆ ಕಚ್ಚಿದ್ದು ಮಾತ್ರ ಇಳಿಯದೆ ಬರುವಂತಿರಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದು ಇನ್ನೊಂದು ತುದಿಯನ್ನು ನನ್ನ ಮುಂದೆ ಚಾಚಿದ. ಮೊದಲೆಲ್ಲ ಭಾವ ಹಿಡಿಯುತ್ತಿದ್ದನಂತೆ. ನಾನು ಎಡಗೈಯಲ್ಲಿ ಮೂಗಿಗೆ ಕರ್ಚೀಫು ಒತ್ತಿಕೊಂಡು ಬಲಗೈ ನೀಡಿದೆ.

"ಎರಡೂ ಕೈ ಬೇಕು ಅಯ್ಯಾ," ಎಂದ.

ಕರ್ಚೀಫು ಕೆಳಗೆ ಬಿತ್ತು. ಅವನು ಒಳಗಿದ್ದಷ್ಟು ಹೊತ್ತೂ ನಾನು ನಿಮಿಷಕ್ಕೊಮ್ಮೆ "ಐತಾ" ಎಂದು ಕರೆಯುತ್ತಿದ್ದೆ. "ಹೋ" ಎಂಬ ದನಿ ಬಾರದಿದ್ದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಒಮ್ಮೆ ದನಿ ತಡವಾಯಿತು. ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಅಷ್ಟರಲ್ಲಿ ಪಕ್ಕದ ದುಬೈ ಮನೆಯ ಲಿಲ್ಲಿ ಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇಲಿಯ ಬಳಿ ಬಂದರು. ಬೈಯುತ್ತಾರೆಂದುಕೊಂಡೆ. "ನಮ್ಮದೂ ತುಂಬಿ ತಿಂಗಳಾಯಿತು ಮಾರಾಯ್ರೆ," ಎಂದು ಪಿಸುಗುಟ್ಟಿದರು, "ಅವನನ್ನು ನಮ್ಮಲ್ಲಿಗೂ ಕಳಿಸಿ, ಹಿಂದಿನ ಗೇಟಿನಿಂದ." ನಾನು ಮತ್ತೆ "ಐತಾ" ಎಂದು ಕೂಗಿದೆ. ಕೆಳಗಿನಿಂದ "ಹೋ" ಎಂದು ಕೇಳಿದ ಮೇಲೆಯೇ ನಾನು ಉಸಿರು ಬಿಟ್ಟದ್ದು, ಆ ವಾಸನೆಯಲ್ಲಿ.

ಮೇಲೆ ಬಂದ ಐತ ಕೈ ಮೂಸಿ ನೋಡಿ ತಲೆಯಾಡಿಸಿದ. ಕೊಳೆಯನ್ನು ಕರಗಿಸುವ ಹುಳಗಳು ಒಳಗಿರುತ್ತವೆ, ನಿಮ್ಮ ಫಿನಾಯಿಲಿನಿಂದ ಅವೆಲ್ಲ ಸತ್ತಿವೆ, ಅದಕ್ಕೇ ಇಷ್ಟು ಬೇಗ ತುಂಬಿದ್ದು ಎಂದ.

"ಇಷ್ಟು ಶುದ್ಧ ಮಾಡಿದರೆ ಕೆಳಗೆ ಕೆಲಸ ಮಾಡುವವರು ಬದುಕಬೇಕಲ್ಲ ಅಯ್ಯಾ?"

ಹುಳದ ವಿಷಯವನ್ನೇ ಹೇಳಿದನೆಂದು ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಅವನು ಗೇಟು ದಾಟಿದ್ದೇ ತಡ, ಅಮ್ಮ ಹೊರಗೆ ಬಂದು ಅವನು ನಿಂತಿದ್ದ ಜಾಗಕ್ಕೆಲ್ಲ ಒಂದು ಇಡೀ ಬಾಟ್ಲಿ ಫಿನಾಯಿಲ್ ಸುರಿದರು. ಅದು ಇಳಿಜಾರಿನಲ್ಲಿ ಹರಿದು, ಇನ್ನೂ ಸಿಮೆಂಟು ಹಾಕದ ಮುಚ್ಚಳದ ಸಂದಿನಿಂದ ಸೀದಾ ಟ್ಯಾಂಕಿಗೆ ಇಳಿಯಿತು. ನಾನು ನೋಡಿದೆ, ಒಳಗೆ ಹೋಗಿ ನಿಶ್ಚಿತಾರ್ಥದ ದಿನದ ಅಂಗಿಗೆ ಇಸ್ತ್ರಿ ಹಾಕಿದೆ.

ನಿಶ್ಚಿತಾರ್ಥ ಸಾಂಗವಾಗಿ ನಡೆಯಿತು. ಗಂಡಿನ ಕಡೆಯ ಹಿರಿಯರು ಮನೆಯ ಶುಚಿತ್ವವನ್ನು ಬಾಯ್ತುಂಬ ಹೊಗಳಿದರು. ಸುಮತಿ ನಾಲ್ಕು ದಿನಗಳ ಮೇಲೆ ಮೊದಲ ಬಾರಿ ನಕ್ಕಳು. ಅಷ್ಟರಲ್ಲಿ ತಂದೆ ಎದ್ದು ನಿಂತು "ಗುಡ್ಡೆಗೆ ಹೋಗಿ ಬರುತ್ತೇನೆ" ಎಂದರು. ಹಿರಿಯರು ಕೊಡೆಗಾಗಿ ಮೂಲೆ ನೋಡಿದರು, ಸುಮತಿ ತಲೆ ತಗ್ಗಿಸಿದಳು. ಎಲ್ಲರಿಗಿಂತ ಮೊದಲು ನಗಬೇಕಾದ ನನಗೆ ನಗು ಬರಲಿಲ್ಲ. ಅಂಗೈಯಲ್ಲಿ ಹಗ್ಗ ಉಜ್ಜಿದ ಕೆಂಪು ಇನ್ನೂ ಮಾಸಿರಲಿಲ್ಲ. ತಂದೆ ನಿಜವಾಗಿ ಗುಡ್ಡೆಗೆ ಹೋಗುತ್ತಿದ್ದ ಅರುವತ್ತು ವರ್ಷ, ಅವರ ಹಿಂದೆ ಯಾರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕಾಗಿರಲಿಲ್ಲ.