ಹುಳ ಹಣ್ಣಾಗುವ ಹೊತ್ತಿಗೆ ಮನೆ ಬಿಟ್ಟವರು

‘ಆ ಕಾಲದಲ್ಲಿ’ ಎಂದು ಬರೆಯಲು ನನಗಿನ್ನೂ ಮೀಸೆಯೇ ಸರಿಯಾಗಿ ಬಂದಿಲ್ಲ. ಆದರೂ ಬರೆಯುತ್ತೇನೆ. ಆ ಕಾಲದಲ್ಲಿ, ಎಂದರೆ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಬೇಸಿಗೆಯಲ್ಲಿ, ನಮ್ಮ ಕಡೆ ಮುಯ್ಯಾಳು ಇನ್ನೂ ನಡೆಯುತ್ತಿತ್ತು. ನಿಮ್ಮ ಕೆಲಸಕ್ಕೆ ನಾವು, ನಮ್ಮ ಕೆಲಸಕ್ಕೆ ನೀವು; ಕೂಲಿಯ ಮಾತಿಲ್ಲ. ಕಿರುಗಾವಲಿನ ನಮ್ಮ ಗದ್ದೆ ನಾಟಿಗೆ ಪೂರಿಗಾಲಿಯಿಂದ ಚಿಕ್ಕಮ್ಮ ಬಂದಿದ್ದಳು. ಅವಳು ರೇಷ್ಮೆ ಹುಳ ಮೇಯಿಸುವಾಗ ನಮ್ಮ ಮನೆಯಿಂದ ಒಬ್ಬರು ಹೋಗಬೇಕು. ಅಮ್ಮ ನನ್ನನ್ನು ತೋರಿಸಿದಳು.

"ಇವ್ನ್ನ ಕರ್ಕಂಡೋಗವ್ವ. ಕೆಲ್ಸ ಮಾಡ್ದೆ ಇದ್ರೂವೆ ಬಾಯಾದ್ರೂ ಆಡುಸ್ತಾನೆ."

ಬಾಯಿಯೇ ನನ್ನ ಆಸ್ತಿ. ಮಂಡ್ಯ ಜಿಲ್ಲೆಯಲ್ಲಿ ನನ್ನಷ್ಟು ನಗಿಸುವವರಿಲ್ಲ ಎಂದು ನಾನೇ ಸಭೆ ಕರೆದು, ನಾನೇ ತೀರ್ಮಾನಿಸಿದ್ದೆ. ಚಿಕ್ಕಮ್ಮನ ಮನೆಯ ಹುಳ ಬೆರಳಷ್ಟಿದ್ದರೆ, ನನ್ನ ಗೆಳೆಯರ ಕಿವಿ ಸೇರುವಷ್ಟರಲ್ಲಿ ಸೌತೆಕಾಯಿಯಷ್ಟಾಗಿರುತ್ತಿತ್ತು.

ಹುಳದ ಮನೆಗೆ ಹೋಗುವವರು ಕೈಕಾಲು ತೊಳೆದು, ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು ಒಳಗೆ ಬರಬೇಕು. ಸೆಂಟು ಹೊಡೆದುಕೊಂಡವರಿಗೆ ಪ್ರವೇಶವಿಲ್ಲ. ನಾನು ಹೊಡೆದುಕೊಂಡೇ ಹೋಗಿದ್ದೆ. ಚಿಕ್ಕಪ್ಪ ನನ್ನನ್ನು ಹಿತ್ತಲಲ್ಲಿ ನಿಲ್ಲಿಸಿ ಎಮ್ಮೆ ತೊಳೆದ ಹಾಗೆ ತೊಳೆದರು. ಒಳಗೆ ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಅದರ ಕೆಳಗೆ ಹಿಕ್ಕೆಯ ಬೆಚ್ಚಗಿನ ವಾಸನೆ. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದ ಹುಳಗಳು ಹಗಲೂ ರಾತ್ರಿ ಮೇಯುತ್ತಿದ್ದವು, ಮದುವೆ ಮನೆಯ ಕೊನೆ ಪಂಕ್ತಿಯವರ ಹಾಗೆ. ಮಧ್ಯಾಹ್ನ ನಮಗೆ ಮುದ್ದೆ, ಉಪ್ಸಾರು. ಚಿಕ್ಕಮ್ಮನ ಮುದ್ದೆ ಕೈಜಾರಿ ಬಿದ್ದರೆ ಪಕ್ಕದ ಮನೆಯವರು ಏನಾಯ್ತೆಂದು ಓಡಿ ಬರಬೇಕು, ಅಂಥದು.

ಇಷ್ಟೆಲ್ಲ ನಗಿಸುವವನ ಹತ್ತಿರ ಯಾರಿಗೂ ಹೇಳದ ವಿಷಯವೊಂದಿತ್ತು. ಒಂಬತ್ತನೇ ತರಗತಿಯಿಂದಲೇ, ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಸತ್ತುಹೋದರೆ ಸಾಕು ಅನ್ನಿಸುತ್ತಿತ್ತು. ಕಾರಣ ಕೇಳಬೇಡಿ. ಮಾರ್ಕ್ಸು ಬರುತ್ತಿತ್ತು, ಮನೆಯಲ್ಲಿ ಪ್ರೀತಿಯಿತ್ತು. ಕಾರಣ ಅಂತ ಒಂದಿದ್ದರೆ ಅದನ್ನೂ ಉಬ್ಬಿಸಿ ಹೇಳಿರುತ್ತಿದ್ದೆ. ಎದೆಯ ಮೇಲೆ ಯಾರೋ ಕೂತ ಹಾಗೆ ಒಂದು ಭಾರ, ಅಷ್ಟೇ. ಎದ್ದು ಮುಖ ತೊಳೆದು, ಆ ಭಾರವನ್ನೇ ಜೋಕು ಮಾಡಿಕೊಂಡು ಶಾಲೆಗೆ ಹೋಗುತ್ತಿದ್ದೆ.

ಆ ಜೋಕನ್ನು ಒಂದು ದಿನ ಸೊಪ್ಪು ಹಾಕುತ್ತಾ ಚಿಕ್ಕಮ್ಮನಿಗೂ ಹೇಳಿದೆ. "ಚಿಕ್ಕಮ್ಮ, ನಾನ್ ಸತ್ರೆ ಇಸ್ಕೂಲ್ಗೆ ಒಂದಿನ ರಜಾ ಕೊಡ್ತಾರೆ ಅಂತಿದ್ದೆ. ಐಕ್ಳೆಲ್ಲ ಯಾವತ್ ಲಾ ಅಂತ ಕೇಳ್ತಿದ್ವು."

ಅವಳು ನಗಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಹರಡಿ ಮುಗಿಸಿದಳು.

"ಐಕ್ಳು ನಕ್ಕುದ್ವಾ?"

"ಓ, ಬಿದ್ದು ಬಿದ್ದು ನಕ್ಕುದ್ವು."

"ನಿಂಗೂ ನಗು ಬಂತಾ?"

ನಾನು ತಟ್ಟೆಯ ಅಂಚಿಗೆ ಬಂದ ಹುಳವೊಂದನ್ನು ಎತ್ತಿ ನಡುವೆ ಬಿಟ್ಟೆ. ಅವಳು ತಿರುಗಿ ನನ್ನ ಮುಖ ನೋಡಿ ನೇರವಾಗಿ ಕೇಳಿದಳು. "ಸಾಯ್ಬೇಕು ಅನ್ನುಸ್ತದೇನ್ಲಾ ನಿಂಗೆ?"

"ಊಂ."

"ಯಾವಾಗ್ಲೂವಾ?"

"ಬೆಳಿಗ್ಗೆ ಒತ್ತು ಜಾಸ್ತಿ."

ನಮ್ಮ ಕಡೆ ‘ಸಾಯಿ ಅತ್ಲಾಗೆ’ ಎನ್ನುವುದು ಊಟಕ್ಕೆ ಕರೆದಷ್ಟೇ ಸಲೀಸು. ಆದರೆ ಆ ಮಾತನ್ನು ಹೀಗೆ ಬಿಡಿಸಿ ಯಾರೂ ಕೇಳಿರಲಿಲ್ಲ. ಕೇಳಿದ್ದಕ್ಕೇ ನನಗೆ ಅಳು ಬಂತು. ಅವಳು ಬಯ್ಯಲಿಲ್ಲ, ಏನು ಕಮ್ಮಿಯಾಗಿದೆ ನಿನಗೆ ಎಂದೂ ಕೇಳಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಚಿಕ್ಕಪ್ಪನನ್ನು ಕೂಗಿದಳು.

"ಸೊಪ್ಪು ನೀವೇ ಆಕ್ಬುಡಿ. ನಾವು ಮಂಡ್ಯದ್ ಆಸ್ಪತ್ರೆಗೆ ಓಯ್ತೀವಿ."

"ನಾಳೀಕ್ ಉಳ ಅಣ್ಣಾಯ್ತವೆ ಕಣಮ್ಮಿ. ಇಂಥಾ ಒತ್ನಲ್ಲಿ ಮನೆ ಬುಟ್ಟು ಯಾರಾದ್ರೂ ಓದಾರಾ?"

ಅವರು ಕೇಳಿದ್ದು ತಪ್ಪಲ್ಲ. ಮೇವು ಬಿಟ್ಟು ಹಣ್ಣಾದ ಹುಳವನ್ನು ಆರಿಸಿ, ಗೂಡು ಕಟ್ಟುವ ಬಿದಿರು ತಟ್ಟೆಯಾದ ಚಂದ್ರಿಕೆಗೆ ಬಿಡುವುದು ತಡವಾದರೆ ಗೂಡು ಕೆಡುತ್ತದೆ. ಆ ದಿನಗಳಲ್ಲಿ ಹುಳ ಮೇಯಿಸುವವರು ಹತ್ತಿರದ ನೆಂಟರ ಮದುವೆಗೂ ಹೋಗುವುದಿಲ್ಲ.

"ಉಳ ಇನ್ನೊಂದ್ ಕಿತ ಮೇಯ್ಸನ," ಎಂದಳು ಚಿಕ್ಕಮ್ಮ. ಚಿಕ್ಕಪ್ಪ ನನ್ನ ಮುಖ ನೋಡಿದರು. ಮತ್ತೇನೂ ಕೇಳದೆ ಒಳಗೆ ಹೋಗಿ ಸೊಪ್ಪಿನ ಹೊರೆ ಬಿಚ್ಚಿದರು.

ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಮಂಡ್ಯ ಮುಟ್ಟುವವರೆಗೂ ಅವಳು ನನ್ನ ಕೈ ಬಿಡಲಿಲ್ಲ. ಕಂಡಕ್ಟರು ನನ್ನನ್ನು ಓಡಿಹೋಗಿ ಸಿಕ್ಕಿಬಿದ್ದ ಹುಡುಗ ಅಂದುಕೊಂಡಿರಬೇಕು. ಡಾಕ್ಟರಮ್ಮನೂ ಚಿಕ್ಕಮ್ಮ ಕೇಳಿದ್ದನ್ನೇ ಕೇಳಿದರು, ‘ಲಾ’ ಇಲ್ಲದೆ. ಗುಳಿಗೆ ಬರೆದರು. ಆಗಾಗ ಬಂದು ಮಾತಾಡಬೇಕು ಎಂದರು. ಸಂಜೆ ಚಿಕ್ಕಮ್ಮ ನಮ್ಮ ಅಮ್ಮನಿಗೆ ಫೋನು ಮಾಡಿ ಹೇಳಿದ್ದಿಷ್ಟೇ: "ಅಳ್ಬೇಡ ಕಣಕ್ಕ. ಬಯ್ಯಕ್ಕೂ ಓಗ್ಬೇಡ. ಸದ್ಯಕ್ಕೆ ಒಬ್ನೇ ಬುಡ್ಬೇಡ, ಅಷ್ಟೆ."

ರಾತ್ರಿ ಮಂಡ್ಯದಲ್ಲೇ ಉಳಿದು ಮಾರನೆಯ ಸಂಜೆ ಬಂದು ನೋಡಿದರೆ ಒಬ್ಬರೇ ದುಡಿದ ಚಿಕ್ಕಪ್ಪನಿಗೆ ಸಾಕಾಗಿಹೋಗಿತ್ತು. ಹುಳಗಳು ಸೊಪ್ಪಿನ ಕಡ್ಡಿಯಲ್ಲಿ, ಗೋಡೆಯ ಮೂಲೆಯಲ್ಲಿ, ಕೊನೆಗೆ ಚಿಕ್ಕಪ್ಪನ ಟವೆಲ್ಲಿನಲ್ಲೂ ಗೂಡು ಕಟ್ಟಿಕೊಂಡಿದ್ದವು. ಟವೆಲ್ಲಿನದು ನಾನು ಸೇರಿಸಿದ್ದು. ಉಳಿದದ್ದು ನಿಜ. ಆ ಬೆಳೆ ಕೆಟ್ಟದ್ದನ್ನು ಅವರಿಬ್ಬರೂ ಇವತ್ತಿಗೂ ನನ್ನೆದುರು ಎತ್ತಿಲ್ಲ.

ಒಂದು ಗುಳಿಗೆಗೆ, ಒಂದು ಬೇಸಿಗೆಗೆ ಎಲ್ಲ ವಾಸಿಯಾಯಿತು ಎಂದರೆ ಅದೂ ನನ್ನ ಉಬ್ಬಿಸಿದ ಕತೆಯಾಗುತ್ತದೆ. ಪಿಯುಸಿ ಪೂರ್ತಿ ಬಂದು ಹೋಗುತ್ತಿತ್ತು. ಈಗ ಡಿಗ್ರಿಯಲ್ಲಿದ್ದೇನೆ, ಅಪರೂಪಕ್ಕೆ ಬರುತ್ತದೆ. ಬಂದದ್ದು ಗೊತ್ತಾಗುತ್ತದೆ, ಹೋಗುತ್ತದೆ ಅನ್ನುವುದೂ ಗೊತ್ತಿದೆ.

ಪೂರಿಗಾಲಿಯಲ್ಲಿ ಚಿಕ್ಕಮ್ಮ ಹುಳ ಮೇಯಿಸುವುದನ್ನು ಬಿಟ್ಟು ಎರಡು ವರ್ಷವಾಯಿತು, ಮಂಡಿ ನೋವು. ಸೊಪ್ಪಿನ ತೋಟ ಕಿತ್ತು ಕಬ್ಬು ಹಾಕಿದ್ದಾರೆ. ಹುಳದ ಮನೆಯಲ್ಲಿ ತೆಂಗಿನಕಾಯಿ, ಬೈಕು. ಮುಯ್ಯಾಳಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ, ಕಟಾವಿಗೆ ಮೇಸ್ತ್ರಿ ಗ್ಯಾಂಗು ಬರುತ್ತದೆ. ಯಾವುದೋ ನೆಪಕ್ಕೆ ಒಬ್ಬ ಹುಡುಗ ಇನ್ನೊಂದು ಮನೆಯಲ್ಲಿ ವಾರಗಟ್ಟಲೆ ಉಂಡು ಮಲಗಿ, ಆ ಮನೆಯವರ ಕಣ್ಣಿಗೆ ಬೀಳುವುದು ಈಗ ಎಲ್ಲಿ?

ಹೋದ ವಾರ ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆ ಎದ್ದಾಗ ಮತ್ತೆ ಆ ಭಾರ. ಫೋನು ಮಾಡಿದೆ.

"ಬಂದದೆ ಚಿಕ್ಕಮ್ಮ."

"ಓಯ್ತಾ ಅದಾ?"

"ಇನ್ನೂ ಇಲ್ಲ."

"ಸರಿ. ಓಗೋಗಂಟ ಮಾತಾಡ್ತಿರು."